ಮಾರಿದ ಮೇಲೆ ಬೀಗದ ಕೈ ನಮಗೆ ಕೊಡಿ: ಫೋನು, ಪ್ರಿಂಟರ್ ಕಂಪನಿಗಳಿಗೆ ಅರಿಶಿನಕುಂಟೆಯಿಂದ ಬಹಿರಂಗ ಪತ್ರ

ಫೋನು, ಕಂಪ್ಯೂಟರು, ಪ್ರಿಂಟರು ತಯಾರಿಸಿ ನಮಗೆ ಮಾರುವ ಎಲ್ಲ ಕಂಪನಿಗಳವರಿಗೆ,



ಭಾರತದಲ್ಲಿ ಮೊದಲ ಐಫೋನ್ ಜೋಡಣೆಯಾದದ್ದು ನಮ್ಮ ತುಮಕೂರು ರಸ್ತೆಯ ಪೀಣ್ಯದಲ್ಲಿ, 2017ರಲ್ಲಿ. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ ಐಫೋನ್ ಎಸ್‌ಇ ಜೋಡಿಸಿತು. ಆಮೇಲೆ ಆ ಕೆಲಸ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಯಿತು. 2023ರಲ್ಲಿ ಟಾಟಾದವರು ಆ ಕಾರ್ಖಾನೆಯನ್ನು ಕೊಂಡರು. ಮುಂದೆ ನಮ್ಮದೇ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಫಾಕ್ಸ್‌ಕಾನ್‌ನವರು ಸುಮಾರು 300 ಎಕರೆ ಜಾಗದಲ್ಲಿ ಕಾರ್ಖಾನೆ ಕಟ್ಟತೊಡಗಿದರು. 2025ರ ಆಗಸ್ಟ್ ಹೊತ್ತಿಗೆ ಅಲ್ಲಿ ಐಫೋನ್ 17 ತಯಾರಾಗತೊಡಗಿತು.

ಫೋನು ಜೋಡಿಸಲು ನಮ್ಮ ಸುತ್ತಮುತ್ತಲ ಹಳ್ಳಿಗಳ ಮಕ್ಕಳ ಕೈ ಆಗುತ್ತದೆ. ಅದೇ ಫೋನಿನ ಗಾಜು ಒಡೆದರೆ, ಬ್ಯಾಟರಿ ಸೋತರೆ, ಅದನ್ನು ಬಿಚ್ಚಿ ಸರಿಮಾಡಲು ನೆಲಮಂಗಲದ ಅಂಗಡಿಯ ಹುಡುಗನ ಕೈ ಆಗುವುದಿಲ್ಲ ಎನ್ನುತ್ತೀರಿ. ಈ ಮಾತನ್ನು ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಅರಿಶಿನಕುಂಟೆಯವನು. ಊರಿನಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಹೆದ್ದಾರಿ ಪಕ್ಕದ ನಮ್ಮೂರು ಹಳ್ಳಿಯೂ ಹೌದು, ಪೇಟೆಯೂ ಹೌದು. ಬೆಳಿಗ್ಗೆ ಹಾಲು ಹಾಕಿ ಬಂದವರು, ರಾತ್ರಿ ಪಾಳಿ ಮುಗಿಸಿದ ಗೋಡೌನಿನವರು, ಪೀಣ್ಯಕ್ಕೆ ಹೊರಟವರು ಎಲ್ಲರೂ ಅಂಗಡಿಗೆ ಬರುತ್ತಾರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಮಗಳ ಜಾತಿ ಪ್ರಮಾಣಪತ್ರ, ಮತ್ತೊಬ್ಬರಿಗೆ ಪರೀಕ್ಷೆಯ ಹಾಲ್ ಟಿಕೆಟ್. ಇವರೆಲ್ಲರ ಕೆಲಸ ನಡೆಯಬೇಕಾದರೆ ಎರಡು ವಸ್ತು ಸರಿಯಿರಬೇಕು: ಅವರ ಕೈಯಲ್ಲಿರುವ ಫೋನು, ನನ್ನ ಮೇಜಿನ ಮೇಲಿರುವ ಪ್ರಿಂಟರು. ಫೋನಿಗೆ ಓಟಿಪಿ ಬಾರದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಪ್ರಿಂಟರು ನಿಂತರೆ ಅರ್ಜಿ ಕೈಗೆ ಸಿಗುವುದಿಲ್ಲ. ಎರಡನ್ನೂ ಮಾರುವವರು ನೀವು. ಮಾರಿದ ಮೇಲೂ ಎರಡರ ಮೇಲೂ ಹಿಡಿತ ಬಿಡದವರೂ ನೀವೇ.

ಪ್ರಿಂಟರಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ನನ್ನ ಅನ್ನದ ವಿಷಯ. ಇಂಕು ಮುಗಿದ ಕಾರ್ಟ್ರಿಡ್ಜನ್ನು ರೀಫಿಲ್ ಮಾಡಿಸಿ ಹಾಕುವುದು ನಮ್ಮಂಥ ಅಂಗಡಿಗಳಲ್ಲಿ ಬಹಳ ಕಾಲದಿಂದ ನಡೆದುಬಂದ ರೂಢಿ. ಹೊಸ ಕಾರ್ಟ್ರಿಡ್ಜಿನ ಬೆಲೆ ಎಷ್ಟೋ ಸಲ ಪ್ರಿಂಟರಿನ ಬೆಲೆಗೆ ಹತ್ತಿರ ಹೋಗುತ್ತದೆ. ಒಂದು ಪುಟಕ್ಕೆ ಕೆಲವೇ ರೂಪಾಯಿ ತೆಗೆದುಕೊಳ್ಳುವ ಅಂಗಡಿ ಅದನ್ನು ಭರಿಸಲಾರದು. ಆದರೆ ಒಂದು ದಿನ ಇಂಟರ್ನೆಟ್ಟಿನ ಮೂಲಕ ತಾನೇ ಅಪ್‌ಡೇಟ್ ಆದ ನನ್ನ ಪ್ರಿಂಟರು, ಅದುವರೆಗೆ ಸರಿಯಾಗಿ ಓಡುತ್ತಿದ್ದ ಕಾರ್ಟ್ರಿಡ್ಜನ್ನು ಗುರುತಿಸುವುದಿಲ್ಲ ಎಂದು ಹಟ ಹಿಡಿಯಿತು. ಇಂಕು ಇತ್ತು, ಕಾಗದ ಇತ್ತು, ಯಂತ್ರ ಕೆಟ್ಟಿರಲಿಲ್ಲ. ಅಂಗಡಿಯ ಮುಂದೆ ಮಾರನೆಯ ದಿನದ ಪರೀಕ್ಷೆಗೆ ಹಾಲ್ ಟಿಕೆಟ್ ಕೇಳಿಕೊಂಡು ಮಕ್ಕಳು ನಿಂತಿದ್ದರು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ ‘ಒರಿಜಿನಲ್ ಕಾರ್ಟ್ರಿಡ್ಜ್ ಹಾಕಿ ಸರ್’ ಎಂಬ ಒಂದೇ ಉತ್ತರ. ಆ ಮಕ್ಕಳನ್ನು ನೆಲಮಂಗಲಕ್ಕೆ ಕಳಿಸಬೇಕಾಯಿತು. ನನ್ನ ದುಡ್ಡಿನಲ್ಲಿ ಕೊಂಡ ಯಂತ್ರಕ್ಕೆ, ನನ್ನನ್ನು ಒಂದು ಮಾತೂ ಕೇಳದೆ, ಎಲ್ಲೋ ಕುಳಿತು ನೀವು ಬೀಗ ಹಾಕಿದಿರಿ.

ಇದು ನನ್ನೊಬ್ಬನ ಅಂಗಡಿಯ ಕಥೆ ಎಂದುಕೊಳ್ಳಬೇಡಿ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪನಿಯ ಪ್ರಿಂಟರುಗಳು ಜಗತ್ತಿನ ಹಲವೆಡೆ ಒಂದೇ ಸಲಕ್ಕೆ ಬೇರೆಯವರ ಕಾರ್ಟ್ರಿಡ್ಜುಗಳನ್ನು ತಿರಸ್ಕರಿಸತೊಡಗಿದವು. ಮೊದಲೇ ಸಾಫ್ಟ್‌ವೇರಿನೊಳಗೆ ಇಟ್ಟಿದ್ದ ತಡೆ ಆ ದಿನ ಎಚ್ಚೆತ್ತಿತ್ತು. ಜನ ಸಿಟ್ಟಿಗೆದ್ದ ಮೇಲೆ ಕಂಪನಿ ವಿಷಾದ ವ್ಯಕ್ತಪಡಿಸಿ ಆ ತಡೆಯನ್ನು ತೆಗೆದುಹಾಕುವ ಸಾಫ್ಟ್‌ವೇರ್ ಕೊಟ್ಟಿತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಈ ನಿರ್ಬಂಧವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಅದೇ ಕಂಪನಿಗೆ 1 ಕೋಟಿ ಯೂರೊ ದಂಡ ಹಾಕಿತು. ಅಷ್ಟಾದರೂ ಕಾರ್ಟ್ರಿಡ್ಜಿನ ಮೇಲೆ ಚಿಪ್ ಕೂರಿಸಿ ಬೇರೆಯವರ ಇಂಕನ್ನು ಹೊರಗಿಡುವ ಪದ್ಧತಿ ನಿಂತಿಲ್ಲ.

ಇನ್ನು ಫೋನು. ನಮ್ಮ ಕಡೆ ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳ ಫೋನು ಕೆಟ್ಟರೆ ಏನಾಗುತ್ತದೆಂದು ನಿಮ್ಮಲ್ಲಿ ಯಾರಾದರೂ ಬಂದು ನೋಡಬೇಕು. ಗ್ಯಾಸ್ ಬುಕಿಂಗ್, ಬ್ಯಾಂಕಿನ ಸಂದೇಶ, ಮಗುವಿನ ಶಾಲೆಯ ಗ್ರೂಪು, ಊರಿಗೆ ದುಡ್ಡು ಕಳಿಸುವುದು ಎಲ್ಲವೂ ಅದರಲ್ಲೇ. ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಮಾದಾವರದವರೆಗೆ ಬಸ್ಸು, 2024ರ ನವೆಂಬರಿನಲ್ಲಿ ಮೆಟ್ರೊ ಅಲ್ಲಿಯವರೆಗೆ ಬಂದದ್ದರಿಂದ ಅಲ್ಲಿಂದ ಮುಂದೆ ಸ್ವಲ್ಪ ಅನುಕೂಲ. ಟೋಕನ್ ತೆಗೆದುಕೊಂಡು ಕಾಯ್ದ ಮೇಲೆ ‘ಬೋರ್ಡ್ ಹೋಗಿದೆ, ಇಡೀ ಬೋರ್ಡೇ ಬದಲಿಸಬೇಕು’ ಎನ್ನುತ್ತಾರೆ. ಹೇಳುವ ಮೊತ್ತ ಫೋನಿನ ಅರ್ಧ ಬೆಲೆ. ‘ಇದಕ್ಕಿಂತ ಹೊಸದೇ ತಗೊಳ್ಳಿ ಮೇಡಂ, ಎಕ್ಸ್‌ಚೇಂಜ್ ಆಫರ್ ಇದೆ’ ಎಂಬ ಸಲಹೆಯೂ ಜೊತೆಗೇ ಬರುತ್ತದೆ. ಅದೇ ಫೋನನ್ನು ರಿಪೇರಿ ಅಂಗಡಿಯ ಹುಡುಗ ಬಿಚ್ಚಿ, ಮೀಟರ್ ಹಿಡಿದು ನೋಡಿ, ಹಾಳಾದ ಒಂದು ಐಸಿಯನ್ನು ಹಾಟ್ ಏರ್ ಗನ್ನಿನಿಂದ ಎಬ್ಬಿಸಿ ಬೇರೆಯದನ್ನು ಕೂರಿಸಿ ಸಂಜೆಯೊಳಗೆ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಕಂಪನಿಯೂ ಅವನಿಗೆ ಸರ್ಕ್ಯೂಟಿನ ನಕ್ಷೆ ಕೊಟ್ಟಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬೋರ್ಡುಗಳನ್ನು ಕೊಂಡು ತಂದು, ಬಿಚ್ಚಿ ಬಿಚ್ಚಿ ಕಲಿತವನು ಅವನು.

ಅಂಥವನ ಕೈಯನ್ನು ಕಟ್ಟುವ ಕೆಲಸಕ್ಕೆ ನೀವು ನಿಮ್ಮ ಒಳ್ಳೆಯ ಎಂಜಿನಿಯರುಗಳನ್ನು ಬಳಸುತ್ತಿದ್ದೀರಿ. ಪಾರ್ಟ್ಸ್ ಪೇರಿಂಗ್ ಎಂದು ರಿಪೇರಿಯವರು ಹೇಳುವುದು ಇದನ್ನೇ. ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾ ಇಂಥ ಭಾಗಗಳಿಗೆ ಒಂದೊಂದು ಕ್ರಮಸಂಖ್ಯೆ ಇರುತ್ತದೆ. ಫೋನು ತನ್ನ ಭಾಗಗಳ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಬೇರೆ ಭಾಗ ಹಾಕಿದ ಕೂಡಲೇ ಎಚ್ಚರಿಕೆಯ ಸಂದೇಶ ತೋರಿಸುತ್ತದೆ, ಇಲ್ಲವೇ ಯಾವುದೋ ಸೌಲಭ್ಯವನ್ನು ನಿಲ್ಲಿಸಿಬಿಡುತ್ತದೆ. ನಕಲಿ ಭಾಗಕ್ಕೆ ಮಾತ್ರ ಹೀಗಾಗಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ 2021ರಲ್ಲಿ ಬಂದ ಐಫೋನ್ 13ರಲ್ಲಿ, ಎರಡು ಹೊಸ ಫೋನುಗಳ ಅಸಲಿ ಡಿಸ್‌ಪ್ಲೇಗಳನ್ನೇ ಅದಲುಬದಲು ಮಾಡಿದರೂ ಮುಖ ನೋಡಿ ತೆರೆಯುವ ಫೇಸ್ ಐಡಿ ಸತ್ತುಹೋಗುತ್ತಿತ್ತು. ಎರಡೂ ಆಪಲ್ ಕಂಪನಿಯವೇ, ಎರಡೂ ಹೊಸವೇ. ಗಲಾಟೆ ಎದ್ದಿತು, ಆ ವರ್ಷದ ಕೊನೆಯೊಳಗೆ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದು ಸಮಸ್ಯೆ ಮಾಯವಾಯಿತು. ಅಪ್‌ಡೇಟಿನಲ್ಲಿ ಹೋಗುವ ಕಷ್ಟಕ್ಕೆ ತಾಂತ್ರಿಕ ಅನಿವಾರ್ಯದ ಹೆಸರು ಕೊಡಲಾಗದು. ಅದು ಯಾರೋ ತೆಗೆದುಕೊಂಡ ತೀರ್ಮಾನ.

ಇದಕ್ಕೂ ಹಿಂದೆ, 2016ರ ಹೊತ್ತಿಗೆ, ಹೊರಗಿನವರು ಹೋಮ್ ಬಟನ್ ಬದಲಿಸಿದ್ದ ಐಫೋನ್ 6 ಫೋನುಗಳು ಅಪ್‌ಡೇಟ್ ಆದ ಕೂಡಲೇ ‘ಎರರ್ 53’ ತೋರಿಸಿ ಪೂರ್ತಿ ನಿಂತುಹೋಗಿದ್ದವು. ಆಸ್ಟ್ರೇಲಿಯಾದ ಗ್ರಾಹಕ ಸಂರಕ್ಷಣಾ ಆಯೋಗ ಕೋರ್ಟಿಗೆ ಹೋಯಿತು. ಹೊರಗೆ ರಿಪೇರಿ ಮಾಡಿಸಿದಿರೆಂಬ ಒಂದೇ ಕಾರಣಕ್ಕೆ ನಿಮಗೆ ಪರಿಹಾರವಿಲ್ಲ ಎಂದು ಗ್ರಾಹಕರಿಗೆ ಹೇಳಿದ್ದು ತಪ್ಪೆಂದು ಅಲ್ಲಿನ ಫೆಡರಲ್ ಕೋರ್ಟು 2018ರಲ್ಲಿ ಆಪಲ್‌ಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. 2017ರ ಡಿಸೆಂಬರಿನಲ್ಲಿ ಅದೇ ಕಂಪನಿ, ಬ್ಯಾಟರಿ ಹಳತಾದ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು ಎಂದು ಗೊತ್ತಿಲ್ಲದೆ ಹೊಸ ಫೋನಿಗೆ ಸಾಲ ಮಾಡಿದವರು ನಮ್ಮ ನಡುವೆಯೂ ಇದ್ದಾರೆ.

ನಿಮ್ಮ ವಾದ ನನಗೆ ಗೊತ್ತು. ಸುರಕ್ಷತೆಗಾಗಿ ಹೀಗೆ ಮಾಡುತ್ತೇವೆ ಎನ್ನುತ್ತೀರಿ. ಕದ್ದ ಫೋನಿನ ಭಾಗಗಳು ಮಾರುಕಟ್ಟೆಗೆ ಬರಬಾರದು, ಬೆರಳಚ್ಚು ಓದುವ ಭಾಗವನ್ನು ಯಾರೋ ಬದಲಿಸಿ ಬ್ಯಾಂಕಿನ ಖಾತೆಗೆ ಕೈಹಾಕಬಾರದು, ಕಳಪೆ ಬ್ಯಾಟರಿ ಸಿಡಿಯಬಾರದು. ಇವು ನಿಜವಾದ ಕಾಳಜಿಗಳೇ; ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದ ಫೋನನ್ನು ಅಂಗಡಿಗೆ ತಂದವರನ್ನು ನಾನೂ ನೋಡಿದ್ದೇನೆ. ಆದರೆ ಅಸಲಿ ಭಾಗಗಳನ್ನು ಹೊರಗೆ ಮಾರದೆ ಇರುವವರು ಯಾರು? ನೆಲಮಂಗಲದ ಅಂಗಡಿಯವನಿಗೆ ಅಸಲಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗುವಂತಿದ್ದರೆ ಅವನು ‘ಕಾಪಿ’ ಬ್ಯಾಟರಿಯನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಗಿರಾಕಿಯ ಮುಂದೆ ‘ಎ ಗ್ರೇಡ್, ಬಿ ಗ್ರೇಡ್’ ಎಂದು ವಿವರಿಸುತ್ತ ಕೂರಬೇಕಾಗಿಯೂ ಇರಲಿಲ್ಲ. ಅಸಲಿ ಮಾಲಿನ ಬಾಗಿಲು ಮುಚ್ಚಿದ್ದರಿಂದಲೇ ನಕಲಿ ಮಾಲಿನ ಸಂತೆ ಬೆಳೆದಿದೆ. ಭದ್ರತೆಗೆ ನಿಜವಾಗಿ ಬೇಕಾದ ಭಾಗಗಳಿಗೆ ಜೋಡಣೆಯ ಸಾಫ್ಟ್‌ವೇರನ್ನು ರಿಪೇರಿಯವರಿಗೂ ಕೊಡಿ. ಭಾಗ ಬದಲಾಗಿದೆ ಎಂದು ಫೋನಿನ ಮಾಲೀಕನಿಗೆ ತಿಳಿಸುವುದಿದ್ದರೆ ತಿಳಿಸಿ, ಆದರೆ ಓಡುವ ಫೋನನ್ನು ಕುಂಟಿಸಬೇಡಿ.

ಹಿಂದೆ ಇದೇ ತುಮಕೂರು ರಸ್ತೆಯ ಆಸುಪಾಸಿನಲ್ಲಿ ಬೇರೊಂದು ರೀತಿಯ ಕಂಪನಿಯೂ ಇತ್ತು. ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ ಒಂದು ಆಯಿತು. ನಮ್ಮೂರು ಅವೆರಡರ ನಡುವಿನ ದಾರಿಯಲ್ಲಿದೆ. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದರೂ, ಕೀ ಕೊಡುವ ಆ ಗಡಿಯಾರಗಳು ಇವತ್ತಿಗೂ ಜನರ ಕೈಯಲ್ಲಿ ಓಡುತ್ತಿವೆ. ಬೀದಿ ಬದಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕಣ್ಣಿಗೆ ಭೂತಗನ್ನಡಿ ಏರಿಸಿದ ಯಾವ ಗಡಿಯಾರ ರಿಪೇರಿಯವರೂ ಅವನ್ನು ಬಿಚ್ಚಬಹುದು, ಇನ್ನೊಂದು ಹಳೆಯ ಗಡಿಯಾರದ ಭಾಗ ತೆಗೆದು ಹಾಕಬಹುದು. ಕಾರ್ಖಾನೆ ಹೋದರೂ ವಸ್ತು ಉಳಿಯಿತು, ಏಕೆಂದರೆ ಅದನ್ನು ಉಳಿಸಿಕೊಳ್ಳುವ ದಾರಿ ಜನರ ಕೈಯಲ್ಲಿತ್ತು. ನಿಮ್ಮಲ್ಲೊಂದು ಕಂಪನಿ ನಾಳೆ ಈ ದೇಶ ಬಿಟ್ಟುಹೋದರೆ, ಸರ್ವರ್ ನಿಲ್ಲಿಸಿದರೆ, ನೀವು ಮಾರಿದ ವಸ್ತುಗಳು ಎಷ್ಟು ದಿನ ಓಡುತ್ತವೆ?

ಕಾನೂನಿನ ದಾರಿಯಲ್ಲಿ ಇದನ್ನು ಸರಿಪಡಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ, ನೀವು ಅದನ್ನು ಗಮನಿಸಬೇಕು. ಕಾರು ತಯಾರಕರು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ತಮ್ಮ ಅಧಿಕೃತ ಡೀಲರುಗಳಿಗೆ ಮಾತ್ರ ಕೊಡುತ್ತಾರೆ, ಹೊರಗಿನ ಗ್ಯಾರೇಜಿಗೆ ಕೊಡುವುದಿಲ್ಲ ಎಂದು ಒಬ್ಬ ಸಾಮಾನ್ಯ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ದರು. ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟ ಕಿರ್ಲೋಸ್ಕರ್ ಕೂಡ ಆ ಪಟ್ಟಿಯಲ್ಲಿತ್ತು. ಮೇಲ್ಮನವಿಗಳಾದವು, ಕೆಲವು ಕಂಪನಿಗಳ ದಂಡ ಇಳಿಯಿತು. ಆದರೆ ಆಯೋಗ ಹೇಳಿದ ಮಾತು ದೊಡ್ಡದು: ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೂ ಬಿಡಬೇಕು, ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟಾಗಿ ರದ್ದಾಗುತ್ತದೆ ಎಂಬ ಷರತ್ತು ಹಾಕಬಾರದು. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ ಹೆದ್ದಾರಿ ಬದಿಯಲ್ಲಿ ಹೊಟ್ಟೆ ಹೊರೆದುಕೊಳ್ಳುವ ಮೆಕ್ಯಾನಿಕ್‌ಗಳ ಪಾಲಿಗೆ ಅದು ನ್ಯಾಯದ ಮಾತು. ಕಾರಿನ ಮೆಕ್ಯಾನಿಕ್‌ಗೆ ಸಲ್ಲುವ ನ್ಯಾಯ ಫೋನಿನ ಮೆಕ್ಯಾನಿಕ್‌ಗೆ ಏಕೆ ಸಲ್ಲಬಾರದು?

ಬೇರೆ ದೇಶಗಳಲ್ಲಿ ನೀವು ಈ ನ್ಯಾಯವನ್ನು ಈಗಾಗಲೇ ಒಪ್ಪಿಕೊಂಡಿದ್ದೀರಿ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ: ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ಅಮೆರಿಕದ ಆರಿಗನ್ ರಾಜ್ಯ 2024ರಲ್ಲಿ ರಿಪೇರಿಗೆ ಅಡ್ಡಬರುವ ಪಾರ್ಟ್ಸ್ ಪೇರಿಂಗನ್ನೇ ನಿಷೇಧಿಸುವ ಕಾನೂನು ಮಾಡಿತು. ಫ್ರಾನ್ಸಿನಲ್ಲಿ 2021ರಲ್ಲಿ, ಈ ವಸ್ತು ಎಷ್ಟರ ಮಟ್ಟಿಗೆ ರಿಪೇರಿಗೆ ಒಗ್ಗುತ್ತದೆ ಎಂದು ಹತ್ತಕ್ಕೆ ಇಷ್ಟು ಅಂಕ ಕೊಟ್ಟು ಬೆಲೆಚೀಟಿಯ ಪಕ್ಕದಲ್ಲೇ ತೋರಿಸಬೇಕೆಂಬ ನಿಯಮ ಫೋನೂ ಸೇರಿದಂತೆ ಕೆಲವು ವಸ್ತುಗಳಿಗೆ ಬಂತು. ಆಪಲ್ ಕಂಪನಿ 2022ರಲ್ಲಿ ಅಮೆರಿಕದ ಗ್ರಾಹಕರಿಗೆ ಭಾಗ, ಉಪಕರಣ, ಕೈಪಿಡಿ ಮಾರಲು ಶುರುಮಾಡಿ ಅದೇ ವರ್ಷ ಯುರೋಪಿಗೂ ವಿಸ್ತರಿಸಿತು. ದೇವನಹಳ್ಳಿಯಲ್ಲಿ ತಯಾರಾಗಿ ಹಡಗೋ ವಿಮಾನವೋ ಹತ್ತಿ ಅಲ್ಲಿಗೆ ಹೋದ ಫೋನಿಗೆ ಸಿಗುವ ಹಕ್ಕು, ಇಲ್ಲೇ ಉಳಿದ ಫೋನಿಗೆ ಇಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ.

ನಮ್ಮಲ್ಲಿ ರಿಪೇರಿಯ ಹಕ್ಕಿಗೆ ಪ್ರತ್ಯೇಕ ಕಾನೂನು ಇನ್ನೂ ಆಗಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಲಯಗಳಿಗೆ ಅದು ಮೀಸಲು. ರಿಪೇರಿ ಸೂಚ್ಯಂಕ ಹೇಗಿರಬೇಕೆಂದು ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಈ ಹೆಜ್ಜೆಗಳು ಒಳ್ಳೆಯವು, ಆದರೆ ಕಡ್ಡಾಯವಿಲ್ಲದ ಕಡೆ ನೀವು ಎಷ್ಟು ನಡೆದಿದ್ದೀರಿ ಎಂಬುದು ನಿಮಗೇ ಗೊತ್ತು.

ಕಂತಿನ ಫೋನಿನ ಬಗ್ಗೆಯೂ ಒಂದು ಮಾತು. ಇಲ್ಲಿನ ಎಷ್ಟೋ ಹುಡುಗರು ಕಂತಿನಲ್ಲಿ ಫೋನು ಕೊಂಡವರು. ಕಂತು ತಪ್ಪಿದರೆ ದೂರದಿಂದಲೇ ಫೋನನ್ನು ಲಾಕ್ ಮಾಡುವ ಆ್ಯಪ್ ಅದರೊಳಗೆ ಇರುತ್ತದೆ. ಡೆಲಿವರಿ ಕೆಲಸದವನ ಫೋನು ಲಾಕ್ ಆದರೆ ಅವನ ದುಡಿಮೆಯೂ ಲಾಕ್ ಆಗುತ್ತದೆ. ಕಂತು ಕಟ್ಟುವ ದುಡ್ಡು ಮತ್ತೆ ಎಲ್ಲಿಂದ ಬರಬೇಕು? ಸಾಲ ವಸೂಲಿಗೆ ಬೇರೆ ಕಾನೂನುಬದ್ಧ ದಾರಿಗಳಿವೆ. ಅಂಥ ಆ್ಯಪ್‌ಗೆ ನಿಮ್ಮ ಫೋನಿನೊಳಗೆ ಜಾಗ ಕೊಡಬೇಡಿ.

ಭಾಷೆಯ ವಿಷಯವನ್ನೂ ಬಿಡಲಾರೆ. 2024ರಲ್ಲಿ ಬೆಂಗಳೂರಿನ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ, ಫೋನಿನ ಜೊತೆ ಬಳಕೆಯ ಕೈಪಿಡಿ ಕೊಡದ ಒನ್‌ಪ್ಲಸ್ ಕಂಪನಿ ಗ್ರಾಹಕರಿಗೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಕೈಪಿಡಿ ಗ್ರಾಹಕನ ಹಕ್ಕು ಎಂದಾದ ಮೇಲೆ ಅದು ಗ್ರಾಹಕನಿಗೆ ಓದಲು ಬರುವ ಭಾಷೆಯಲ್ಲೂ ಇರಬೇಕಲ್ಲವೇ? ವಾರಂಟಿಯ ಷರತ್ತುಗಳನ್ನು ಕಣ್ಣಿಗೆ ಕಾಣದ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚುಹಾಕಿ, ಆಮೇಲೆ ‘ನೀವೇ ಒಪ್ಪಿದ್ದೀರಿ’ ಎನ್ನುವುದು ಸರಿಯಲ್ಲ. ಅದನ್ನು ಓದಿ ಹೇಳಿ ಎಂದು ನನ್ನ ಅಂಗಡಿಗೆ ತರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದಿದವರು ಬಹಳ ಮಂದಿ. ಕನ್ನಡದಲ್ಲಿ ಕೊಟ್ಟರೆ ಅವರೇ ಓದಿಕೊಳ್ಳುತ್ತಾರೆ.

ನೀವು ಇಂದೇ ಮಾಡಬಹುದಾದದ್ದನ್ನು ಮಾತ್ರ ಕೇಳುತ್ತಿದ್ದೇನೆ. ನಿಮ್ಮ ಪ್ರತಿ ಮಾದರಿಯ ಬಿಡಿಭಾಗಗಳ ಬೆಲೆಪಟ್ಟಿಯನ್ನು ಪ್ರಕಟಿಸಿ, ಸರ್ವಿಸ್ ಸೆಂಟರಿನ ಹೊರಗಿನವರಿಗೂ ಅದೇ ಬೆಲೆಗೆ ಮಾರಿ. ಯುರೋಪಿನಲ್ಲಿ ಕೊಡುವ ಏಳು ವರ್ಷವನ್ನು ಇಲ್ಲೂ ಕೊಡಿ. ಕೈಪಿಡಿ, ಸರ್ಕ್ಯೂಟ್ ನಕ್ಷೆ, ಭಾಗ ಜೋಡಿಸುವ ಸಾಫ್ಟ್‌ವೇರು ರಿಪೇರಿಯವರಿಗೆ ಸಿಗಲಿ. ನಾವು ಕೊಂಡ ದಿನ ಒಪ್ಪಿದ್ದ ಕೆಲಸವನ್ನು ಆಮೇಲಿನ ಅಪ್‌ಡೇಟು ಕಿತ್ತುಕೊಳ್ಳಬಾರದು. ಅಪ್‌ಡೇಟು ಏನನ್ನು ಬದಲಿಸುತ್ತದೆಂದು ಮೊದಲೇ ಕನ್ನಡದಲ್ಲಿ ಹೇಳಿ, ಬೇಡವೆನ್ನುವ ಅವಕಾಶ ಕೊಡಿ. ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಯಂಥ ತಾಲ್ಲೂಕು ಕೇಂದ್ರಗಳಲ್ಲಿ ಈಗಾಗಲೇ ರಿಪೇರಿ ಮಾಡುತ್ತಿರುವ ಹುಡುಗರನ್ನು ಕರೆದು ತರಬೇತಿ ಕೊಡಿ. ಹೊಸ ಸರ್ವಿಸ್ ಸೆಂಟರ್ ತೆರೆಯುವುದಕ್ಕಿಂತ ಇದರ ಖರ್ಚು ಕಡಿಮೆ ಎಂದೇ ನನ್ನ ನಂಬಿಕೆ.

ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಿ ಮುಗಿಸುತ್ತೇನೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ನಿಮ್ಮ ಮುಖ್ಯ ಕಚೇರಿ ಇರುವ ಊರಿಗೆ ಬರಬೇಕಾಗಿಲ್ಲ. ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915 ಅನ್ನು ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಇನ್ನು ಮುಂದೆ ಕೆಟ್ಟ ಫೋನು ಹಿಡಿದು ಬರುವ ಪ್ರತಿಯೊಬ್ಬರಿಗೂ, ಪಹಣಿಯ ಅರ್ಜಿ ತುಂಬಿಕೊಡುವಂತೆಯೇ, ನಿಮ್ಮ ಮೇಲಿನ ದೂರಿನ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ,
ಅರಿಶಿನಕುಂಟೆ, ನೆಲಮಂಗಲ ತಾಲ್ಲೂಕು